ಬರೆದಿಟ್ಟ ತೂಕ



ಒಂದು ಸದ್ದಿನಿಂದ ಶುರು ಮಾಡುತ್ತೇನೆ. ಹಳ್ಳಿಯ ಶಾಲೆಯ ಅಂಗಳಕ್ಕೆ ನಮ್ಮ ಜೀಪು ಬಂದು ನಿಂತಾಗ ಕೇಳುವ ಸದ್ದು. ಮೊದಲು ಬ್ರೇಕಿನ ಕಿರುಚು. ಆಮೇಲೆ ಒಂದು ಗಳಿಗೆ ಮೌನ. ಆಮೇಲೆ ಒಳಗಿನಿಂದ ಒಂದೇ ಕೂಗು: "ಸೂಜಿ ಡಾಕ್ಟ್ರು ಬಂದ್ರೋ!" ಆವತ್ತು ನಾವು ಸೂಜಿ ಚುಚ್ಚಲು ಬಂದಿರುವುದಿಲ್ಲ. ಹಾಗೆಂದರೆ ಯಾರೂ ನಂಬುವುದೂ ಇಲ್ಲ. ಹಿಂದಿನ ಸಾಲಿನ ಇಬ್ಬರು ಅಷ್ಟರಲ್ಲಿ ಕಾಂಪೌಂಡು ಹಾರಿರುತ್ತಾರೆ.

ನಾನು ಆಯುರ್ವೇದ ಓದಿದ ವೈದ್ಯೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆ ಸುತ್ತುವ ಆರೋಗ್ಯ ತಂಡದಲ್ಲಿ ಕೆಲಸ ಮಾಡಿದವಳು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂಬುದು ಅದರ ಉದ್ದನೆಯ ಹೆಸರು. 2013ರಲ್ಲಿ ಆರಂಭವಾಯಿತು. ಇಬ್ಬರು ವೈದ್ಯರು, ಒಬ್ಬರು ನರ್ಸು, ಔಷಧ ನೋಡಿಕೊಳ್ಳುವವರೊಬ್ಬರು, ಒಂದು ಗಾಡಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಹೋಗಬೇಕು. ಶಾಲೆಗೆ ಒಂದು ಸಲ. ಕಣ್ಣು, ಕಿವಿ, ಹಲ್ಲು, ಹೃದಯ, ಚರ್ಮ, ಎಲ್ಲವನ್ನೂ ನೋಡುತ್ತೇವೆ. ಇವತ್ತು ಅದೆಲ್ಲ ಬೇಡ. ಒಂದೇ ಕೆಲಸದ ಬಗ್ಗೆ ಮಾತಾಡುತ್ತೇನೆ. ತೂಕ ನೋಡುವ ಕೆಲಸ.

ಇದರಲ್ಲೇನಿದೆ ಅನ್ನಬೇಡಿ. ಜಗುಲಿಯ ನೆಲ ಸಮ ಇರುವುದಿಲ್ಲ. ವಾಲಿದ ಯಂತ್ರ ಸುಳ್ಳು ಹೇಳುತ್ತದೆ. ಸಮ ಇರುವ ಜಾಗ ಹುಡುಕಬೇಕು. ಬಹಳ ಶಾಲೆಗಳಲ್ಲಿ ಅದು ಹೆಡ್‌ಮಾಸ್ತರರ ಮೇಜಿನ ಮುಂದಿನ ನಾಲ್ಕು ಚದರಡಿ. ಮಕ್ಕಳು ಚಪ್ಪಲಿ ಬಿಡಬೇಕು. ಜೇಬು ಖಾಲಿ ಮಾಡಬೇಕು. ಆ ಜೇಬುಗಳಿಂದ ಏನೇನು ಬರುತ್ತದೆ ಅಂತೀರಿ! ಗೋಲಿ, ಬುಗುರಿ, ಹುಣಸೆಬೀಜ, ಅರ್ಧ ಕಚ್ಚಿದ ಚಿಕ್ಕಿ. ಒಂದು ಸಲ ಜೀವಂತ ಏಡಿ. ಎತ್ತರ ಅಳೆಯುವಾಗ ಹೆಣ್ಣುಮಕ್ಕಳ ಜಡೆ ಅಡ್ಡ ಬರುತ್ತದೆ. ನೆತ್ತಿಯ ಮೇಲೆ ಗಂಟು ಹಾಕಿದ್ದರೆ ಪುಕ್ಕಟೆಯಾಗಿ ಎರಡು ಸೆಂಟಿಮೀಟರ್ ಹೆಚ್ಚು. ಬಿಚ್ಚಿಸಿದರೆ, ಬೆಳಗ್ಗೆ ಕೂತು ಹೆಣೆದ ಅಜ್ಜಿಯ ಬೈಗುಳ ನಮಗೆ.

ಅಂತೂ ಮಗು ಯಂತ್ರದ ಮೇಲೆ ನಿಂತಿತು. ಅಂಕಿ ಬಂತು. 30 ಕಿಲೋ. ಈ 30 ಎಂದರೇನು?

ಇಬ್ಬರು ಹುಡುಗರನ್ನು ಕಣ್ಣಮುಂದೆ ತಂದುಕೊಳ್ಳಿ. ಇಬ್ಬರೂ 30 ಕಿಲೋ. ಮೊದಲನೆಯವನಿಗೆ 8 ವರ್ಷ. ಅವನ ತಲೆ ನನ್ನ ಎದೆಯವರೆಗೂ ಬರುವುದಿಲ್ಲ, ಒಂದು ಮೀಟರ್ 22 ಸೆಂಟಿಮೀಟರ್. ಎರಡನೆಯವನಿಗೆ 11 ವರ್ಷ. ಅವನು ಒಂದು ಮೀಟರ್ 42, ನನ್ನ ಭುಜದ ಸಮಕ್ಕೆ. ಒಂದೇ ಅಂಕಿ. ಆದರೆ ಚಿಕ್ಕವನ ತೂಕ ಅವನ ಎತ್ತರಕ್ಕೆ ಬಹಳ ಹೆಚ್ಚಾಯಿತು. ದೊಡ್ಡವನು ಸ್ವಲ್ಪ ತೆಳ್ಳಗೆ, ಆದರೆ ಗಾಬರಿಪಡುವಷ್ಟಲ್ಲ. ತೂಕವನ್ನು ಎತ್ತರದಿಂದ ಒಮ್ಮೆ ಭಾಗಿಸಿ, ಇನ್ನೊಮ್ಮೆ ಅದೇ ಎತ್ತರದಿಂದ ಭಾಗಿಸಿದರೆ ಬರುವ ಲೆಕ್ಕಕ್ಕೆ ಬಿಎಂಐ ಅನ್ನುತ್ತಾರೆ. ದೊಡ್ಡವರಿಗಾದರೆ ಆ ಒಂದು ಲೆಕ್ಕದಲ್ಲೇ ಸುಮಾರಾಗಿ ತಿಳಿಯುತ್ತದೆ. ಮಕ್ಕಳಿಗೆ ಸಾಲದು. ವಯಸ್ಸು ನೋಡಬೇಕು, ಹುಡುಗನೋ ಹುಡುಗಿಯೋ ನೋಡಬೇಕು. ಅದಕ್ಕೆ ಬೇರೆ ಪಟ್ಟಿಯೇ ಇದೆ. ಭಾರತದ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ಮಕ್ಕಳಿಗಾಗಿಯೇ ಅದನ್ನು ಹೊಸದಾಗಿ ತಯಾರಿಸಿತು. ಹಾಗಾಗಿ ಪಕ್ಕದ ಮನೆಯ ಹುಡುಗನ ತೂಕ ಕೇಳಿ ನಿಮ್ಮ ಮಗನ ಮೇಲೆ ರೇಗಬೇಡಿ. ಎರಡಕ್ಕೂ ಸಂಬಂಧವಿಲ್ಲ.

ಮಗುವಿನ ತೂಕವನ್ನು ಬಿಡಿಯಾಗಿ ಓದಲಾಗುವುದಿಲ್ಲ ಅಂದೆ. ಹಾಗಾದರೆ ಒಟ್ಟಾರೆ ನಮ್ಮ ಮಕ್ಕಳ ಸ್ಥಿತಿ ಹೇಗಿದೆ? 2016ರಿಂದ 18ರವರೆಗೆ ದೇಶದಾದ್ಯಂತ ಮಕ್ಕಳ ಪೌಷ್ಟಿಕತೆಯ ದೊಡ್ಡ ಸಮೀಕ್ಷೆ ನಡೆಯಿತು. ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಇರಬೇಕಾದ್ದಕ್ಕಿಂತ ತೆಳ್ಳಗಿದ್ದರು. ಇಪ್ಪತ್ತರಲ್ಲಿ ಒಬ್ಬರು ಇರಬೇಕಾದ್ದಕ್ಕಿಂತ ದಪ್ಪಗಿದ್ದರು. ಇಪ್ಪತ್ತು ಮಕ್ಕಳ ಒಂದು ತರಗತಿ ಅಂದುಕೊಳ್ಳಿ. ಐದು ಮಂದಿ ಕಡ್ಡಿ ಪೈಲ್ವಾನರು, ಒಬ್ಬ ಡುಮ್ಮಣ್ಣ. ಕೂತಿರುವುದು ಒಂದೇ ಕೋಣೆಯಲ್ಲಿ. ಪಟ್ಟಣದ ಖಾಸಗಿ ಶಾಲೆಗೆ ಹೋದರೆ ಡುಮ್ಮಣ್ಣರ ಸಂಖ್ಯೆ ಏರುತ್ತದೆ.

ತೆಳ್ಳಗಿನವರದು ಬಡತನದ ಕಾಯಿಲೆ, ದಪ್ಪಗಿನವರದು ಸಿರಿವಂತಿಕೆಯ ಕಾಯಿಲೆ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಕದಲಿಸಿದ್ದು ಮೈಸೂರಿನ ಒಂದು ಹಳೆಯ ದಫ್ತರ. ಅದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ, ಈ ಮೂರನ್ನೂ ಬರೆದಿಡುತ್ತಿದ್ದರು. ತೂಕ ಆಗ ಪೌಂಡಿನಲ್ಲಿ. ಆ ಸೂಲಗಿತ್ತಿಯರಿಗೆ, ನರ್ಸುಗಳಿಗೆ ಇದು ಮುಂದೆ ಯಾವ ಉಪಯೋಗಕ್ಕೆ ಬರುತ್ತದೆ ಎಂಬ ಅಂದಾಜು ಇದ್ದಿರಲಾರದು. ಬರೆಯಬೇಕಿತ್ತು, ಬರೆದರು. ಅರವತ್ತು ವರ್ಷ ಆ ಹಾಳೆಗಳು ಹಾಗೇ ಉಳಿದವು. 1990ರ ದಶಕದಲ್ಲಿ ಆಸ್ಪತ್ರೆಯವರೂ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರೂ ಅವನ್ನು ತೆರೆದರು. ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಹತ್ತಿರದಲ್ಲೇ ವಾಸವಿದ್ದ ಸುಮಾರು 500 ಮಂದಿಯನ್ನು ಪತ್ತೆ ಮಾಡಿದರು. ಕೂಸುಗಳು ಅಷ್ಟರಲ್ಲಿ ನಡುವಯಸ್ಸಿನ ಗಂಡಸರು, ಹೆಂಗಸರು. ಅವರ ಹೃದಯ ಪರೀಕ್ಷೆ ಮಾಡಿದರು.

45 ದಾಟಿದವರಲ್ಲಿ ಕಂಡದ್ದು ಇದು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3 ಮಂದಿಗೆ. ಅಂದರೆ ಬಸಿರಿನಲ್ಲಿ ಸೊರಗಿದ ಕೂಸು ಐವತ್ತರ ವಯಸ್ಸಿನಲ್ಲಿ ಅದರ ಬೆಲೆ ತೆರುತ್ತಿತ್ತು.

ಆಮೇಲೆ 1997, 98ರಲ್ಲಿ ಅದೇ ಆಸ್ಪತ್ರೆಯಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. ಈ ಸಲ ಬಸುರಿಯರಿಂದಲೇ ಆರಂಭಿಸಿದರು. ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿನವರೆಗೂ, ಅದರಾಚೆಗೂ ಬಿಡದೆ ನೋಡಿದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಚರ್ಮದಡಿಯ ಕೊಬ್ಬು ಹೆಚ್ಚು ಕಂಡಿತು. ಪುಣೆಯ ವೈದ್ಯರು ಇದರ ಜೊತೆಗೆ ಇನ್ನೊಂದು ಮಾತು ಸೇರಿಸಿದರು: ನಮ್ಮ ಕೂಸುಗಳು ತೂಕದಲ್ಲಿ ಹಗುರ, ಆದರೆ ಇರುವ ತೂಕದಲ್ಲಿ ಕೊಬ್ಬಿನ ಪಾಲು ಹೆಚ್ಚು.

ಇದನ್ನೆಲ್ಲ ಕೇಳಿದ ಮೇಲೆ ನನಗೆ ಆ ತರಗತಿಯ ಕಡ್ಡಿ ಪೈಲ್ವಾನ, ಡುಮ್ಮಣ್ಣ ಬೇರೆ ಬೇರೆಯಾಗಿ ಕಾಣಲಿಲ್ಲ. ಒಬ್ಬನೇ ಹುಡುಗ ಎರಡೂ ಆಗಬಹುದು. ಸೊರಗಿ ಹುಟ್ಟಿದವನು ಆಮೇಲೆ ಬೇಗಬೇಗ ದಪ್ಪಗಾದರೆ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಒಂದು ವರ್ಷದ ತೂಕ ಸಾಲದು. ವರ್ಷ ವರ್ಷದ ತೂಕ ಬೇಕು. ಮಿಷನ್ ಆಸ್ಪತ್ರೆಯ ದಫ್ತರದಂತೆ ಅದು ಎಲ್ಲೋ ಒಂದು ಕಡೆ ಉಳಿಯಬೇಕು. ಅರವತ್ತು ವರ್ಷ ಕಾಯದೆ ಯಾರಾದರೂ ಅದನ್ನು ಓದಬೇಕು.

ತೂಕ ಬರೆದಿಟ್ಟರೆ ಸಾಲದು, ಓದಬೇಕು ಅಂದೆ. ಯಾರು ಓದಬೇಕು? ಈ ಪ್ರಶ್ನೆಗೆ ಈಗ ಬರೋಣ.

ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಮ್ಮ ದೇಶಕ್ಕೆ ಹೊಸತಲ್ಲ. 1909ರಲ್ಲೇ ಬರೋಡಾದಲ್ಲಿ ಆರಂಭವಾಗಿತ್ತು. ಇವತ್ತು ನಮ್ಮ ಸರ್ಕಾರಿ ಶಾಲೆಗೆ ಆರೋಗ್ಯದ ಕಡೆಯಿಂದ ಬರುವುದು ನಮ್ಮ ತಂಡ ಒಂದೇ ಅಲ್ಲ. ಫೆಬ್ರುವರಿಯಲ್ಲಿ, ಆಗಸ್ಟ್‌ನಲ್ಲಿ ಜಂತುಹುಳದ ಮಾತ್ರೆ ಬರುತ್ತದೆ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಬರುತ್ತದೆ. 2020ರಿಂದ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಆರೋಗ್ಯ ರಾಯಭಾರಿಗಳು ಎಂಬ ಹೆಸರು ಕೊಟ್ಟು ತರಬೇತಿ ಕೊಡುವ ಯೋಜನೆಯೂ ಬಂದಿದೆ. ಹೆಸರು ಭಾರೀ. ಆ ಶಿಕ್ಷಕರಿಗೆ ಅದರ ಜೊತೆಗೆ ಜನಗಣತಿ, ಮತಪಟ್ಟಿ, ಮೊಟ್ಟೆಯ ಲೆಕ್ಕ ಎಲ್ಲವೂ ಇರುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ಶಾಲೆಯ ಕಡೆಯಿಂದ ಬರುವುದು ಊಟ. ಅಕ್ಷರ ದಾಸೋಹ ನಮ್ಮಲ್ಲಿ ಶುರುವಾದದ್ದು 2002ರಲ್ಲಿ. ಚಿಕ್ಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ದೊಡ್ಡ ತರಗತಿಯವರಿಗೆ 150. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು. ಆಮೇಲೆ ಮೊಟ್ಟೆ. ಮೊಟ್ಟೆಯ ಬಗ್ಗೆ ನಾಡಿನಲ್ಲಿ ಎಷ್ಟು ವಾದ ನಡೆಯಿತು ಎಂದು ನಿಮಗೆ ಗೊತ್ತು. ನಾನು ಆ ವಾದಕ್ಕೆ ಇಳಿಯುವುದಿಲ್ಲ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ಮೊಟ್ಟೆ ಸುಲಿಯುವಾಗ ಮಕ್ಕಳ ಮುಖ ನೋಡಿದವಳಾಗಿ ನನ್ನ ಮತ ಯಾವ ಕಡೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎರಡೂ ಕಡೆಯಿಂದ ಕೆಲಸ ನಡೆಯುತ್ತಿದೆ. ಕೊರತೆ ಎಲ್ಲಿ? ಚೀಟಿಯಲ್ಲಿ.

ತೂಕ ಸರಿ ಇಲ್ಲದ ಮಗುವಿಗೆ ನಾವು ಒಂದು ಚೀಟಿ ಬರೆದು ಕೊಡುತ್ತೇವೆ. ತಾಲ್ಲೂಕು ಆಸ್ಪತ್ರೆಗೆ ತೋರಿಸಿ ಎಂದು. ಆ ಚೀಟಿ ಮಗುವಿನ ಕೈಗೆ ಹೋಗುತ್ತದೆ. ಒಂದು ಮಳೆಗಾಲದಲ್ಲಿ ನಾವು ಹೊರಡುವ ಮುಂಚೆಯೇ ನನ್ನ ಸಹಿ ಇರುವ ದೋಣಿಯೊಂದು ಶಾಲೆಯ ಮುಂದಿನ ಕಾಲುವೆಯಲ್ಲಿ ತೇಲಿ ಹೋದದ್ದನ್ನು ನಾನೇ ನೋಡಿದೆ. ನಗು ಬಂತು. ಆಮೇಲೆ ಬರಲಿಲ್ಲ. ಚೀಟಿ ಮನೆ ಮುಟ್ಟಿತು ಅನ್ನಿ. ತಾಯಿಗೆ ಒಂದು ದಿನದ ಕೂಲಿ ಬಿಡಬೇಕು. ಬಸ್ಸಿನ ಖರ್ಚು. ಅಲ್ಲಿ ಸಾಲು. ಮಗುವಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಓಡಾಡಿಕೊಂಡಿದೆ. ಯಾಕೆ ಹೋಗಬೇಕು? ಇನ್ನು ದಪ್ಪಗಿರುವ ಮಗುವಾದರೆ ಚೀಟಿಯೇ ಅವಮಾನ. "ತಿಂದುಂಡು ಮೈಕೈ ತುಂಬ್ಕೊಂಡಿದಾನೆ, ನಿಮ್ ಕಣ್ಣು ಬಿತ್ತಲ್ಲ" ಅಂದ ಅಜ್ಜಿ ಇದ್ದಾರೆ. ನಾನು ಹೋದ ಮೇಲೆ ಮೆಣಸಿನಕಾಯಿ ನಿವಾಳಿಸಿದರಂತೆ.

ಚೀಟಿ ಒಂದೇ ಸಾಲದು ಎಂಬುದು ಇಷ್ಟರಲ್ಲಿ ಗೊತ್ತಾಯಿತು. ಈಗ ಒಂದು ತಪ್ಪಿನ ಕಥೆ. ನನ್ನದೇ ತಪ್ಪು.

ಕೆಲಸಕ್ಕೆ ಸೇರಿದ ಹೊಸತು. ಪಟ್ಟಣದ ಒಂದು ಶಾಲೆ, ಏಳನೆಯ ತರಗತಿ. ನಾನು ಯಂತ್ರದ ಹತ್ತಿರ, ನರ್ಸು ದೂರದ ಮೇಜಿನಲ್ಲಿ. ಅವರಿಗೆ ಕೇಳಲಿ ಎಂದು ನಾನು ಅಂಕಿಯನ್ನು ಕೂಗಿ ಹೇಳುತ್ತಿದ್ದೆ. ಒಬ್ಬ ಹುಡುಗ ಹತ್ತಿದ. "ಎಪ್ಪತ್ತೆರಡು!" ಎಂದು ಕೂಗಿದೆ. ಕೋಣೆ ಗೊಳ್ಳೆಂದು ನಕ್ಕಿತು. ಅವನೂ ನಕ್ಕ. ನಾನು ಮುಂದಿನ ಮಗುವಿಗೆ ಹೋದೆ. ಮುಂದಿನ ವರ್ಷ ಆ ಶಾಲೆಗೆ ಹೋದಾಗ ಅವನು ಇರಲಿಲ್ಲ. ಅದರ ಮುಂದಿನ ವರ್ಷವೂ ಗೈರು. ಅವನ ತರಗತಿಯ ಟೀಚರು ಹೇಳಿದರು. ಅವನ ಹೆಸರು ಈಗ ಶಾಲೆಯಲ್ಲಿ ಎಪ್ಪತ್ತೆರಡು. ಮೈದಾನದಲ್ಲಿ ಚೆಂಡು ಕೊಡುವಾಗಲೂ "ಎಪ್ಪತ್ತೆರಡೂ, ಹಿಡಿ!" ಈಗ ಅವನು ಮೈದಾನಕ್ಕೇ ಇಳಿಯುವುದಿಲ್ಲ.

ತೂಕ ಇಳಿಸಲು ಓಡಾಡಬೇಕಾಗಿದ್ದ ಹುಡುಗ. ಅವನನ್ನು ಮೈದಾನದಿಂದ ಹೊರಗೆ ಹಾಕಿದ್ದು ನನ್ನ ಗಂಟಲು.

ನಾನು ಗೊತ್ತಿಲ್ಲದೆ ಮಾಡಿದ್ದನ್ನು ಒಂದು ದೇಶವೇ ಯೋಜನೆ ಹಾಕಿ ಮಾಡಿತ್ತು ಎಂದು ಆಮೇಲೆ ಓದಿದೆ. ಸಿಂಗಪುರ. 1992ರಲ್ಲಿ ಅಲ್ಲಿನ ಶಾಲೆಗಳಲ್ಲಿ ಟ್ರಿಮ್ ಅಂಡ್ ಫಿಟ್ ಎಂಬ ಕಾರ್ಯಕ್ರಮ ತಂದರು. ದಪ್ಪಗಿರುವ ಮಕ್ಕಳನ್ನು ಬೇರೆ ಮಾಡಿ ಹೆಚ್ಚಿನ ವ್ಯಾಯಾಮ ಮಾಡಿಸಿದರು. ಅಂಕಿಗಳು ಇಳಿದವು ನಿಜ. ನೂರರಲ್ಲಿ 14 ಇದ್ದ ದಪ್ಪ ಮಕ್ಕಳು ಹದಿನಾಲ್ಕು ವರ್ಷದಲ್ಲಿ ಸುಮಾರು 10ಕ್ಕೆ ಬಂದರು. ಆದರೆ ಆ ಕಾರ್ಯಕ್ರಮದ ಚುಟುಕು ಹೆಸರು ಟಿ, ಎ, ಎಫ್. ಹಿಂದುಮುಂದು ಓದಿ. ಎಫ್, ಎ, ಟಿ. ಫ್ಯಾಟ್. ದಪ್ಪ. ಮಕ್ಕಳ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಅಣಕ, ಅವಮಾನದ ದೂರುಗಳು ಬಂದವು. 2007ರಲ್ಲಿ ಅದನ್ನು ನಿಲ್ಲಿಸಿ, ಎಲ್ಲ ಮಕ್ಕಳನ್ನೂ ಒಟ್ಟಿಗೆ ನೋಡುವ ಬೇರೆ ಕ್ರಮ ತಂದರು.

ಈಗ ನಾವು ಯಂತ್ರವನ್ನು ಬೀರುವಿನ ಹಿಂದೆ ಇಡುತ್ತೇವೆ. ಒಬ್ಬೊಬ್ಬರಾಗಿ ಬರುತ್ತಾರೆ. ನರ್ಸು ಪಕ್ಕದಲ್ಲೇ ಕೂತು ಬರೆಯುತ್ತಾರೆ. ಯಾರೂ ಕೂಗುವುದಿಲ್ಲ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ದಪ್ಪಗಿರುವ ಮಗುವಿನ ಅಪ್ಪ ಅಮ್ಮ ಕೇಳುತ್ತಿದ್ದರೆ ಅವರಿಗೊಂದು ಮಾತು. ಮಗುವಿನ ಊಟ ತಪ್ಪಿಸಬೇಡಿ. ಬೆಳೆಯುವ ವಯಸ್ಸು. ಬಹುಪಾಲು ಮಕ್ಕಳು ತೂಕ ಇಳಿಸಬೇಕಿಲ್ಲ, ಏರಿಸದೆ ತಡೆದರೆ ಸಾಕು. ಎತ್ತರ ಬಂದು ತೂಕವನ್ನು ಹಿಡಿಯುತ್ತದೆ. ಮನೆಯ ಅನ್ನ, ಸಾರು, ಮುದ್ದೆ, ರೊಟ್ಟಿ, ಪಲ್ಯ ಇರಲಿ. ಬಾಟಲಿಯ ಸಿಹಿನೀರು ಹೋಗಲಿ. ದಿನಕ್ಕೆ ಒಂದು ಗಂಟೆ ಬೆವರು ಬರುವ ಆಟ ಇರಲಿ. ಇಲ್ಲಿ ಶಾಲೆಯವರ ಕಡೆಗೂ ತಿರುಗುತ್ತೇನೆ. ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಎರವಲು ಪಡೆಯುತ್ತಾರಲ್ಲ, ಆ ಎರವಲು ಎಂದಾದರೂ ವಾಪಸಾದದ್ದುಂಟೆ?

ಗೇಟಿನ ಹೊರಗಿನ ಗೂಡಂಗಡಿಯ ವಿಷಯವೂ ಇದೆ. ಬಣ್ಣದ ಪ್ಯಾಕೆಟ್ಟುಗಳು ಸರಮಾಲೆಯಾಗಿ ನೇತಾಡುತ್ತವೆ. ಒಂದಕ್ಕೆ ಐದು ರೂಪಾಯಿ. ತೆಳ್ಳಗಿನ ಮಗುವೂ ಅದನ್ನೇ ತಿನ್ನುತ್ತದೆ, ದಪ್ಪಗಿನದೂ ಅದನ್ನೇ. ಒಬ್ಬನ ಹಸಿವು ಸಾಯುತ್ತದೆ, ಇನ್ನೊಬ್ಬನ ಹೊಟ್ಟೆ ಬೆಳೆಯುತ್ತದೆ. ಶಾಲೆಯ ಒಳಗೂ, ಸುತ್ತ 50 ಮೀಟರಿನೊಳಗೂ ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿಂಡಿ ಮಾರುವಂತಿಲ್ಲ ಎಂಬ ನಿಯಮ 2020ರಲ್ಲೇ ಬಂದಿದೆ. ನಾನು ಒಂದು ಅಂಗಡಿಯ ಮುಂದೆ ನಿಂತು ಹೆಜ್ಜೆ ಎಣಿಸಿದ್ದೇನೆ. ಗೇಟಿನಿಂದ ಹದಿನೆಂಟು ಹೆಜ್ಜೆ. ಅಂಗಡಿಯಾಕೆ ಗಂಡ ತೀರಿಕೊಂಡವಳು. ಅವಳ ಮಗಳು ಅದೇ ಶಾಲೆಯಲ್ಲಿ ಐದನೆಯ ತರಗತಿ. ನಿಯಮ ಹೇಳಲು ನನಗೆ ಬಾಯಿ ಬರಲಿಲ್ಲ. ಕಡಲೆಕಾಯಿ, ಸೀಬೆಹಣ್ಣು ಇಡಮ್ಮಾ ಅಂದೆ. ಸೀಬೆಯ ಕಾಲದಲ್ಲಿ ಇಟ್ಟಳು. ಪ್ಯಾಕೆಟ್ಟೂ ಹಾಗೇ ನೇತಾಡುತ್ತಿತ್ತು.

ಇಷ್ಟು ಹೊತ್ತು ಹೇಳಿದ್ದು ಎಲ್ಲಿ ತಪ್ಪುತ್ತದೆ ಎಂದು. ಚೀಟಿ ತಪ್ಪುತ್ತದೆ, ನಾಲಗೆ ತಪ್ಪುತ್ತದೆ. ಒಂದು ಕಡೆ ತಪ್ಪದೆ ನಡೆದದ್ದನ್ನು ಹೇಳಿ ನನ್ನ ಮಾತು ನಿಲ್ಲಿಸುತ್ತೇನೆ.

ಬಯಲುಸೀಮೆಯ ಒಂದು ಶಾಲೆ. ಆರನೆಯ ತರಗತಿಯ ಒಬ್ಬಳು ಹುಡುಗಿ. ಹಿಂದಿನ ವರ್ಷ 29 ಕಿಲೋ. ಈ ವರ್ಷ 28. ಎತ್ತರ ಮಾತ್ರ ಐದು ಸೆಂಟಿಮೀಟರ್ ಏರಿತ್ತು. ಎತ್ತರ ಏರಿ ತೂಕ ಇಳಿದರೆ ನಮಗೆ ಕಿವಿ ನಿಮಿರುತ್ತದೆ. ರಕ್ತ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ಬರೆದೆ. ಎಂದಿನಂತೆ ಚೀಟಿಯನ್ನೂ ಬರೆಯಲು ಕೂತೆ. ಆವತ್ತು ಯಾಕೋ, ಹಳೆಯ ದಫ್ತರವನ್ನು ಟೀಚರ ಮುಂದೆ ಇಟ್ಟು, ಇನ್ನೂ ಯಾರ ತೂಕ ಹೀಗೆ ಇಳಿದಿದೆ ನೋಡೋಣ ಅಂದೆ. ಇಬ್ಬರೂ ಬೆರಳಿಟ್ಟು ಓದುತ್ತ ಹೋದೆವು. ಏಳು ಹೆಸರು ಸಿಕ್ಕವು. ಟೀಚರು ಆ ಏಳು ಹೆಸರನ್ನು ಇನ್ನೊಮ್ಮೆ ಓದಿದರು. "ಇವರೆಲ್ಲ ಗುಳೆ ಹೋದವರ ಮಕ್ಕಳು" ಅಂದರು. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ. ಮಕ್ಕಳು ಊರಿನಲ್ಲಿ ಮುದುಕರ ಜೊತೆ. ನನ್ನ ಹತ್ತಿರ ತೂಕ ಇತ್ತು, ಈ ಸುದ್ದಿ ಇರಲಿಲ್ಲ. ಟೀಚರ ಹತ್ತಿರ ಸುದ್ದಿ ಇತ್ತು, ತೂಕ ಇರಲಿಲ್ಲ.

ಅಷ್ಟರಲ್ಲಿ ಹಾಲಿನ ಲೋಟ ತೊಳೆಯುತ್ತಿದ್ದ ಅಡುಗೆಯಾಕೆ ಬಾಗಿಲಲ್ಲಿ ನಿಂತು ಅಂದಳು, "ಸೋಮವಾರ ಅನ್ನ ಸಾಲಂಗಿಲ್ರೀ ಮೇಡಂ. ಬ್ಯಾರೆ ದಿನ ಉಳಿತೈತಿ."

ಶನಿವಾರ ಶಾಲೆಯ ಊಟ. ಭಾನುವಾರ ಇಲ್ಲ. ಮೊಣಕಾಲು ನೋವಿನ ಅಜ್ಜಿ ಎಷ್ಟು ರೊಟ್ಟಿ ತಟ್ಟಿಯಾಳು? ಸೋಮವಾರ ಪ್ರಾರ್ಥನೆಯ ಹೊತ್ತಿಗೆ ತಲೆ ತಿರುಗಿ ಕೂರುವ ಮಕ್ಕಳು ಯಾರು ಎಂದು ಟೀಚರಿಗೆ ಗೊತ್ತಿತ್ತು. ಬಿಸಿಲಿಗೆ ಅಂದುಕೊಂಡಿದ್ದರು.

ಆ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ನಮ್ಮ ನರ್ಸು ಹೋದರು. ಯಾವ ಮಗುವಿನ ಹೆಸರನ್ನೂ ಹೇಳಲಿಲ್ಲ. ಸೋಮವಾರದ ವಿಷಯ ಮಾತ್ರ ಹೇಳಿದರು. ಆಶಾ ಕಾರ್ಯಕರ್ತೆ ಏಳು ಮನೆಗೆ ಹೋಗಿ ಮುದುಕರನ್ನು ಮಾತಾಡಿಸಿದಳು. ಚೀಟಿ ಮಕ್ಕಳ ಕೈಗೆ ಹೋಗಲಿಲ್ಲ, ಆಕೆಯ ಕೈಗೇ ಹೋಯಿತು. ಸಭೆಯಲ್ಲಿದ್ದ ಒಬ್ಬ ರೈತರು ಸೋಮವಾರಕ್ಕೆಂದು ಒಂದಿಷ್ಟು ಅಕ್ಕಿ, ಬೆಲ್ಲ ಕಳಿಸತೊಡಗಿದರು. ಅಡುಗೆಯಾಕೆ ಮಾತ್ರ ಇದಕ್ಕೆಲ್ಲ ಕಾಯಲಿಲ್ಲ. ಮರುವಾರದಿಂದಲೇ ಸೋಮವಾರ ಬೇಗ ಬಂದು ಒಲೆ ಹಚ್ಚಿದಳು.

ಮುಂದಿನ ವರ್ಷ ಆ ಶಾಲೆಗೆ ಹೋದದ್ದು ಒಂದು ಸೋಮವಾರ. ಹುಡುಗಿ ಬೀರುವಿನ ಹಿಂದೆ ಬಂದು ಯಂತ್ರ ಹತ್ತಿದಳು. 33. ನಾನು ಸುಮ್ಮನೆ ಬರೆದುಕೊಂಡೆ. ಅವಳು ಬಗ್ಗಿ ನನ್ನ ಪುಸ್ತಕ ನೋಡಿ, ಹಿಂದಿನ ವರ್ಷದ ಅಂಕಿಯ ಮೇಲೆ ಬೆರಳಿಟ್ಟು, ತುಟಿಯಲ್ಲೇ ಕಳೆಯುವ ಲೆಕ್ಕ ಮಾಡಿದಳು. ಅಷ್ಟರಲ್ಲಿ ಹೊರಗೆ ಊಟದ ಗಂಟೆ ಹೊಡೆಯಿತು. ನಾನು ಗಡಿಯಾರ ನೋಡಿದೆ. ಅರ್ಧ ತಾಸು ಮುಂಚೆ. ಅವಳು ಯಂತ್ರದಿಂದ ಇಳಿದು, ಚಪ್ಪಲಿಯನ್ನೂ ಮೆಟ್ಟದೆ, ತಟ್ಟೆ ತರಲು ಓಡಿದಳು.